ಖಾತೆ ಅಮ್ಮನದು, ಫೋನು ಯಾರದು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಐವತ್ತು ವರ್ಷಗಳಿಂದ ಈ ಶಾಲೆ ನಮ್ಮೂರಿಗೆ ವಿದ್ಯೆ ಕೊಟ್ಟಿದೆ. ಈಗ ಓದು ಬರಹದ ಜೊತೆಗೆ ಡಿಜಿಟಲ್ ಸಾಕ್ಷರತೆಯೂ ಬೇಕಾಗಿದೆ. ಅದು ನಮ್ಮ ಮನೆಯ ಹೆಣ್ಣುಮಕ್ಕಳನ್ನು ಎಷ್ಟು ಮುಟ್ಟಿದೆ ಎಂಬ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಸುಮಾರು ಶೇ. 79 ಮಂದಿಗೆ ತಾವೇ ಬಳಸುವ ಬ್ಯಾಂಕ್ ಖಾತೆ ಇದೆ. ತಾವೇ ಬಳಸುವ ಮೊಬೈಲ್ ಇರುವುದು ಸುಮಾರು ಶೇ. 54 ಮಂದಿಗೆ ಮಾತ್ರ. ಖಾತೆ ಬಂದಷ್ಟು ಬೇಗ ಫೋನು ಕೈಗೆ ಬರಲಿಲ್ಲ.

ಇದರಿಂದ ಏನಾಗುತ್ತದೆ ನೋಡಿ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಜಮೆಯಾಗುತ್ತದೆ. ಆದರೆ ಖಾತೆಗೆ ಕೊಟ್ಟ ನಂಬರ್ ಮಗನದಾಗಿದ್ದರೆ, ಮೆಸೇಜೂ ಓಟಿಪಿಯೂ ಅವನ ಫೋನಿಗೇ ಹೋಗುತ್ತವೆ. ದುಡ್ಡು ಬಂತೇ ಎಂದು ಅಮ್ಮ ಅವನನ್ನೇ ಕೇಳಬೇಕು. ಅವನು ಬೆಂಗಳೂರಿಗೆ ಹೋದರೆ ನಂಬರೂ ಅವನ ಜೊತೆಯೇ ಹೋಯಿತು. ಪೆಟ್ಟಿಗೆ ಅಮ್ಮನದು, ಬೀಗದ ಕೈ ಮಗನ ಜೇಬಿನಲ್ಲಿ!

ಆದ್ದರಿಂದ ತಾಯಂದಿರೇ, ಮೊದಲ ಪಾಠ ಇದು: ಬ್ಯಾಂಕಿಗೆ ಹೋಗಿ ನಿಮ್ಮ ಖಾತೆಗೆ ನಿಮ್ಮದೇ ನಂಬರ್ ಸೇರಿಸಿ. ಅದಕ್ಕೆ ದುಬಾರಿ ಫೋನು ಬೇಡ. ಒಮ್ಮೆ ಪಿನ್ ಮಾಡಿಸಿಕೊಂಡರೆ ಕೀಪ್ಯಾಡ್ ಫೋನಿನಲ್ಲೂ *99# ಒತ್ತಿ, ಇಂಟರ್‌ನೆಟ್ ಇಲ್ಲದೆಯೇ ಖಾತೆಯಲ್ಲಿ ಎಷ್ಟಿದೆ ಎಂದು ನೋಡಬಹುದು.

ಎರಡನೆಯದು, ಪಿನ್ ನಿಮಗೊಬ್ಬರಿಗೇ ಗೊತ್ತಿರಲಿ. ಯುಪಿಐನಲ್ಲಿ ಹಣ ಪಡೆಯುವವರು ಪಿನ್ ಒತ್ತಬೇಕಾಗಿಲ್ಲ. "ನಿಮಗೆ ಹಣ ಬರುತ್ತದೆ, ಪಿನ್ ಹಾಕಿ" ಎಂದು ಯಾರಾದರೂ ಹೇಳಿದರೆ ಅದು ಮೋಸ. ಬ್ಯಾಂಕಿನವರೆಂದು ಹೇಳಿಕೊಂಡು ಓಟಿಪಿ ಕೇಳಿದರೂ ಕೊಡಬೇಡಿ. ಮೋಸ ಹೋದರೆ ಯಾರು ಬೈಯುತ್ತಾರೋ ಎಂದು ಮುಚ್ಚಿಡದೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಗಂಡಸರಿಗೂ ಒಂದು ಮಾತು. "ಅವಳಿಗೆ ತಿಳಿಯಲ್ಲ, ನಾನೇ ಮಾಡ್ತೀನಿ" ಎನ್ನುವುದು ಪ್ರೀತಿಯಿಂದಲೇ ಇರಬಹುದು. ಆದರೆ ದಿನವೂ ನಾವೇ ಮಾಡಿಕೊಟ್ಟರೆ ಅವರು ಕಲಿಯುವುದು ಯಾವಾಗ? ಹಾಲಿನ ಡೈರಿಯ ಲೆಕ್ಕ, ಸ್ತ್ರೀಶಕ್ತಿ ಸಂಘದ ಸಾಲದ ಕಂತು, ಎಲ್ಲವನ್ನೂ ಬಾಯಲ್ಲೇ ಹೇಳುವ ತಾಯಂದಿರಿಗೆ ನಾಲ್ಕಂಕಿಯ ಪಿನ್ ಕಷ್ಟವೇ?

ಕೊನೆಯದಾಗಿ ಒಂದು ಬೇಡಿಕೆ. ಮುಖ್ಯೋಪಾಧ್ಯಾಯರು, ಶಾಲಾಭಿವೃದ್ಧಿ ಸಮಿತಿಯವರು ಒಪ್ಪಿದರೆ ಶನಿವಾರ ಮಧ್ಯಾಹ್ನ ಇಲ್ಲಿಯ ಕಂಪ್ಯೂಟರ್ ಕೊಠಡಿ ತಾಯಂದಿರಿಗಾಗಿ ತೆರೆಯಲಿ. ಒಂಬತ್ತನೇ ತರಗತಿಯ ಮಕ್ಕಳೇ ಮೇಷ್ಟ್ರಾಗಲಿ. ನಿಯಮ ಒಂದೇ: ಫೋನು ಅಮ್ಮನ ಕೈಯಲ್ಲೇ ಇರಬೇಕು, ಮಕ್ಕಳು ಹೇಳಿಕೊಡಬೇಕು, ತಾವು ಒತ್ತಬಾರದು. ತಿಂಗಳಿಗೊಂದು ಶನಿವಾರ ನಾನೂ ಬರುತ್ತೇನೆ. ಹಳೆಯ ವಿದ್ಯಾರ್ಥಿ ಮಿತ್ರರು ಮನೆಯಲ್ಲಿ ಸುಮ್ಮನೆ ಬಿದ್ದಿರುವ, ಚೆನ್ನಾಗಿ ನಡೆಯುವ ಫೋನುಗಳನ್ನು ಕೊಟ್ಟರೆ ಅಭ್ಯಾಸಕ್ಕೆ ಆಗುತ್ತದೆ.

ನಮ್ಮನ್ನು ಈ ಶಾಲೆಗೆ ಕಳಿಸಿದವರು ಈ ತಾಯಂದಿರೇ. ಈಗ ಅವರನ್ನು ಈ ಶಾಲೆಗೆ ಕರೆಯುವ ಸರದಿ ನಮ್ಮದು.