ಹಳಿ ಇದೆ, ಕೆಳಗೆ ನೆಲ ಇದೆಯೇ? – ಬಿರುಮಳೆ ಮತ್ತು ರೈಲು ಚಾಲಕರ ಸುರಕ್ಷತೆ



ವಾಷಿಂಗ್ಟನ್ ಸುತ್ತಮುತ್ತಲಿನವರು, ಅಟ್ಲಾಂಟಾದವರು, ಎರಡೂ ಕೆರೊಲಿನಾಗಳವರು ಒಂದೇ ಸಭಾಂಗಣದಲ್ಲಿ ಸೇರಿದ್ದೀರಿ. ಇಂಥ ವೇದಿಕೆಗೆ ಸಾಮಾನ್ಯವಾಗಿ ಡಾಕ್ಟರನ್ನೋ ಪ್ರೊಫೆಸರನ್ನೋ ಕರೆಯುತ್ತಾರೆ. ಈ ಸಲ ರೈಲು ಓಡಿಸುವವನನ್ನು ಕರೆದಿದ್ದೀರಿ. ಅಮೆರಿಕದಲ್ಲಿ ರೈಲು ಎಂಜಿನ್ ನಡೆಸುವವನನ್ನು ಎಂಜಿನಿಯರ್ ಅನ್ನುತ್ತಾರೆ. ಅದರಿಂದ ನನಗೆ ಆಗಿರುವ ಫಜೀತಿ ಅಷ್ಟಿಷ್ಟಲ್ಲ. ಯುಗಾದಿ ಊಟದಲ್ಲಿ ಪಕ್ಕದವರು ಏನು ಕೆಲಸ ಅಂತ ಕೇಳಿದರೆ ಎಂಜಿನಿಯರ್ ಅನ್ನುತ್ತೇನೆ. ಜಾವಾನೋ ಡೇಟಾಬೇಸೋ ಅನ್ನುತ್ತಾರೆ. ಡೀಸೆಲ್ ಅನ್ನುತ್ತೇನೆ.

ನಮ್ಮ ತಂದೆಯೂ ಹುಬ್ಬಳ್ಳಿಯಲ್ಲಿ ಡ್ರೈವರ್ ಆಗಿದ್ದರು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಟ್ಟದಲ್ಲಿ 37 ಅಡಿಗೆ ಒಂದಡಿ ಇಳಿಜಾರು. ಮಳೆಗಾಲದಲ್ಲಿ ದೂಧ್‌ಸಾಗರದ ನೀರು ಎಂಜಿನ್ನಿನ ಮೇಲೇ ಬಿದ್ದ ಹಾಗೆ ಇರುತ್ತಿತ್ತಂತೆ. ಗ್ಯಾಂಗ್‌ಮನ್‌ಗಳು ಕಂಬಳಿ ಹೊದ್ದು, ಕೈಯಲ್ಲಿ ದೀಪ ಹಿಡಿದು ರಾತ್ರಿಯಿಡೀ ಹಳಿ ಮೇಲೆ ನಡೆಯುತ್ತಿದ್ದರು. ಅಪ್ಪ ಒಂದು ಮಾತು ಹೇಳುತ್ತಿದ್ದರು: "ತಮ್ಮಾ, ಸಿಗ್ನಲ್ ಮನಿಷ್ಯಾಗ ಸುಳ್ಳ ಹೇಳೂದಿಲ್ಲ, ಆದ್ರ ಅದಕ್ಕ ಗೊತ್ತಿದ್ದಷ್ಟ ಹೇಳತದ." ಈ ಮಾತಿನ ಅರ್ಥ ಪೂರ್ತಿಯಾಗಿ ಗೊತ್ತಾಗಲು ನಾನು ಅಮೆರಿಕಕ್ಕೆ ಬರಬೇಕಾಯಿತು.

ಸಿಗ್ನಲ್‌ಗೆ ಏನು ಗೊತ್ತಿರುತ್ತದೆ? ಎರಡು ಹಳಿಗಳಲ್ಲೂ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ. ಮೇಲೆ ಗಾಡಿ ಬಂದರೆ ಚಕ್ರಗಳ ಮೂಲಕ ಆ ವಿದ್ಯುತ್ ಅಡ್ಡ ಹಾಯುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಹಳಿ ಪೂರಾ ಮುರಿದರೂ ಸಾಮಾನ್ಯವಾಗಿ ಕೆಂಪಾಗುತ್ತದೆ. ಆದರೆ ಹಳಿಯ ಕೆಳಗಿನ ಜಲ್ಲಿ, ಮಣ್ಣು, ಏರಿ ಎಲ್ಲವೂ ಕೊಚ್ಚಿಹೋಗಿ, ಹಳಿ ಮಾತ್ರ ಬಟ್ಟೆ ಒಣಹಾಕುವ ತಂತಿಯಂತೆ ಗಾಳಿಯಲ್ಲಿ ತೂಗುತ್ತಿದ್ದರೆ? ವಿದ್ಯುತ್ ಹರಿಯುತ್ತಲೇ ಇರುತ್ತದೆ, ಸಿಗ್ನಲ್ ಹಸಿರಾಗಿಯೇ ಇರುತ್ತದೆ.

2024ರ ಸೆಪ್ಟೆಂಬರ್ ಕೊನೆಯ ಹೆಲೀನ್ ಚಂಡಮಾರುತದ ಚಿತ್ರಗಳನ್ನು ಕೆರೊಲಿನಾದವರು ಮರೆತಿರಲಾರಿರಿ. ಆಶ್‌ವಿಲ್ ಮತ್ತು ಓಲ್ಡ್ ಫೋರ್ಟ್ ನಡುವಿನ ನಾರ್ಫಕ್ ಸದರ್ನ್ ದಾರಿ, ನೋಲಿಚಕಿ ನದಿಯ ಕಣಿವೆಯಲ್ಲಿ ಸಿಎಸ್‌ಎಕ್ಸ್‌ನ ಹಳೆಯ ಕ್ಲಿಂಚ್‌ಫೀಲ್ಡ್ ದಾರಿ, ಎರಡನ್ನೂ ನದಿ ನುಂಗಿತು. ಅಷ್ಟು ದೊಡ್ಡ ಬಿರುಗಾಳಿಗೆ ನಾನು ಹೆದರುವುದು ಕಡಿಮೆ. ಅದು ಬರುವ ಸುದ್ದಿ ವಾರದ ಮೊದಲೇ ಗೊತ್ತಾಗುತ್ತದೆ, ಗಾಡಿಗಳನ್ನು ನಿಲ್ಲಿಸಿಬಿಡುತ್ತಾರೆ. ನನಗೆ ಹೆದರಿಕೆ ಬೇಸಿಗೆಯ ಸಂಜೆಯ ಗುಡುಗು ಮಳೆಯದು. ಒಂದು ಗಂಟೆಯಲ್ಲಿ ಒಂದೇ ಮೋರಿಯ ಮೇಲೆ ಸುರಿದು ಹೋಗುವ ಆ ಮಳೆ ಯಾವ ಸುದ್ದಿಯಲ್ಲೂ ಬರುವುದಿಲ್ಲ.

ಈಗ ಒಂದು ಸಂಗತಿ ಹೇಳುತ್ತೇನೆ. ಇದನ್ನು ಬಹಳ ವರ್ಷ ಮನೆಯಲ್ಲೂ ಹೇಳಿರಲಿಲ್ಲ.

ನಾನು ಹೆಂಡತಿಯ ಕೆಲಸದ ಮೇಲೆ ಈ ದೇಶಕ್ಕೆ ಬಂದವನು. ಗ್ರೀನ್ ಕಾರ್ಡ್ ಬಂದ ಮೇಲೆ ಅಟ್ಲಾಂಟಾ ಕಡೆಯ ಒಂದು ಸರಕು ರೈಲು ಕಂಪನಿಯಲ್ಲಿ ಸೇರಿದೆ. ಹೆಸರು ಬೇಡ. ಎಂಜಿನ್ ನನ್ನ ಕೈಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಒಂದು ರಾತ್ರಿ ಕೆರೊಲಿನಾ ಗಡಿ ದಾಟಿದ ಮೇಲೆ ವೈಪರ್‌ಗೆ ನಿಲುಕದಷ್ಟು ಮಳೆ. ಒಂದು ತಗ್ಗಿನಲ್ಲಿ ನೀರು ಅಡಿಮರಗಳ ತುದಿ ಮುಟ್ಟಿ ನಿಂತಿರುವುದು ಹೆಡ್‌ಲೈಟಿನಲ್ಲಿ ಕಂಡಿತು. ನೀರು ಹಳಿಯನ್ನೇ ಮುಚ್ಚಿದ್ದರೆ ನಿಯಮ ಸ್ಪಷ್ಟ, ನಿಲ್ಲಬೇಕು. ಇದು ಹಳಿಗಿಂತ ನಾಲ್ಕು ಬೆರಳು ಕೆಳಗಿತ್ತು. ನಿಲ್ಲಿಸಿ ಕಂಟ್ರೋಲ್‌ಗೆ ರೇಡಿಯೋದಲ್ಲಿ ಹೇಳಿದೆ. ಆ ಕಡೆಯಿಂದ ಉತ್ತರ: ನಿನ್ನ ಸಿಗ್ನಲ್ ಹಸಿರಿದೆ, ನಲವತ್ತು ನಿಮಿಷದ ಹಿಂದೆ ಇನ್ನೊಂದು ಗಾಡಿ ಹೋಗಿದೆ, ನಿನ್ನ ತೊಂದರೆ ಏನು?

ನನ್ನ ತೊಂದರೆ ಏನೆಂದರೆ ನನ್ನ ಇಂಗ್ಲಿಷಿನ ಉಚ್ಚಾರ, ನನ್ನ ಹೊಸತನ, ಮನೆ ಸಾಲ. ಸರಿ ಅಂದೆ. ನಡಿಗೆಯ ವೇಗದಲ್ಲಿ ಮುಂದೆ ಹೋದೆ. ನೀರಿನ ನಡುವೆ ಎಂಜಿನ್ ಮೆಲ್ಲಗೆ ಎಡಕ್ಕೆ ವಾಲಿತು, ಮತ್ತೆ ನೇರವಾಯಿತು. ಪಕ್ಕದಲ್ಲಿ ಕೂತಿದ್ದ ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಮಾತಾಡಲಿಲ್ಲ. ಹಳಿ ಒರಟಾಗಿದೆ ಎಂದು ಆಗಲೇ ರೇಡಿಯೋದಲ್ಲಿ ಹೇಳಬೇಕಿತ್ತು. ಹೇಳಿದರೆ, ಗೊತ್ತಿದ್ದೂ ಯಾಕೆ ಹೋದೆ ಎಂದು ಕೇಳುತ್ತಾರೆ ಎಂದು ಸುಮ್ಮನಾದೆ. ನನ್ನ ಹಿಂದೆ ಬಂದ ಗಾಡಿಯವನು ಹೇಳಿದ. ಬೆಳಿಗ್ಗೆ ನೋಡಿದಾಗ ಒಂದು ಹಳಿಯ ಕೆಳಗೆ ಜಲ್ಲಿಯೇ ಇರಲಿಲ್ಲವಂತೆ. ಆ ಗಾಡಿಯಲ್ಲಿ ಇಬ್ಬರಿದ್ದರು. ಅವರಿಗೆ ಏನೂ ಆಗಲಿಲ್ಲ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಮುಂದೆ ಹೋದ ಗಾಡಿ ಸುರಕ್ಷಿತವಾಗಿ ಹೋಯಿತು ಎನ್ನುವುದು ಸಾಕ್ಷಿಯೇ ಅಲ್ಲ. ಆ ಗಾಡಿಯ ಭಾರವೇ ನೆನೆದ ಏರಿಯನ್ನು ಸಡಿಲ ಮಾಡಿರಬಹುದು. ಸ್ಕಾಟ್ಲೆಂಡಿನ ಕಾರ್ಮಂಟ್‌ನಲ್ಲಿ 2020ರ ಆಗಸ್ಟ್ 12ರಂದು ನಡೆದದ್ದನ್ನು ನಮ್ಮ ಕಸುಬಿನವರೆಲ್ಲ ಓದಬೇಕು. ಭಾರೀ ಮಳೆಯ ಬೆಳಿಗ್ಗೆ, ಮುಂದೆ ಹಳಿ ಕಟ್ಟಿಹೋಗಿ ಗಾಡಿಯನ್ನು ವಾಪಸು ಕಳಿಸಿದ್ದರು. ವೇಗ ಕಡಿಮೆ ಮಾಡಬೇಕೇ ಎಂದು ಡ್ರೈವರ್ ಕೇಳಿದ್ದ. ಬೇಡ ಎಂಬ ಉತ್ತರ ಬಂತು. ಚರಂಡಿಯಿಂದ ಕೊಚ್ಚಿಬಂದ ಕಲ್ಲುಗಳ ಮೇಲೆ ಗಂಟೆಗೆ 73 ಮೈಲಿ ವೇಗದಲ್ಲಿ ಗಾಡಿ ಹಳಿ ತಪ್ಪಿತು. ಡ್ರೈವರ್, ಕಂಡಕ್ಟರ್, ಒಬ್ಬ ಪ್ರಯಾಣಿಕ, ಮೂವರೂ ಹೋದರು. ಕೇಳಬೇಕಾದ ಪ್ರಶ್ನೆಯನ್ನು ಅವನು ಸರಿಯಾಗಿಯೇ ಕೇಳಿದ್ದ.

ಇನ್ನು ನಮ್ಮ ವಾಷಿಂಗ್ಟನ್‌ಗೆ ಬರೋಣ. ಗೇದರ್ಸ್‌ಬರ್ಗ್, ಜರ್ಮನ್‌ಟೌನ್ ಕಡೆಯವರು ದಿನಾ ಶೇಡಿ ಗ್ರೋವ್‌ನಲ್ಲಿ ಕಾರು ನಿಲ್ಲಿಸಿ ರೆಡ್ ಲೈನ್ ಹತ್ತುತ್ತೀರಿ. 1996ರ ಜನವರಿ 6ರ ರಾತ್ರಿ, ಹಿಮಪಾತದಲ್ಲಿ, ಅಲ್ಲಿಗೆ ಬಂದ ಒಂದು ಮೆಟ್ರೋ ಗಾಡಿ ನಿಲ್ಲದೆ ಪ್ಲಾಟ್‌ಫಾರ್ಮ್ ದಾಟಿ, ಮುಂದೆ ನಿಂತಿದ್ದ ಖಾಲಿ ಗಾಡಿಗೆ ಗುದ್ದಿತು. ಚಾಲಕ ತೀರಿಕೊಂಡ. ಗಾಡಿ ನಡೆಸುತ್ತಿದ್ದದ್ದು ಅವನಲ್ಲ, ಕಂಪ್ಯೂಟರ್. ಕೈಯಿಂದ ನಡೆಸಿದರೆ ಬ್ರೇಕಿನಲ್ಲಿ ಚಕ್ರ ಜಾರಿ ಚಪ್ಪಟೆಯಾಗುತ್ತವೆ, ಖರ್ಚು ಹೆಚ್ಚು ಎಂದು ಕೆಲವೇ ವಾರಗಳ ಹಿಂದೆ ಕೈಚಾಲನೆಯನ್ನು ನಿಲ್ಲಿಸಿದ್ದರು. ಹಿಮ ಬಿದ್ದರೂ ಅದೇ ಆಜ್ಞೆ. ಹಿಮದ ಹಳಿ ಮೇಲೆ ಎಷ್ಟು ಮೊದಲು ಬ್ರೇಕ್ ಹಾಕಬೇಕು ಎಂಬುದು ಅನುಭವಸ್ಥನ ಕೈಗೆ ಗೊತ್ತಿರುತ್ತದೆ. ಆ ಕೈಯನ್ನೇ ಕಟ್ಟಿಹಾಕಿದ್ದರು. 2009ರ ಫೋರ್ಟ್ ಟಾಟನ್ ಅಪಘಾತದ ನಂತರ ಮೆಟ್ರೋದಲ್ಲಿ ಸುಮಾರು ಹದಿನೈದು ವರ್ಷ ಬಹುಪಾಲು ಕೈಯಿಂದಲೇ ನಡೆಯಿತು. 2024ರ ಡಿಸೆಂಬರ್‌ನಲ್ಲಿ ರೆಡ್ ಲೈನ್‌ನಲ್ಲಿ ಮತ್ತೆ ಸ್ವಯಂಚಾಲನೆ ಬಂದಿದೆ. ನಾನು ಅದರ ವಿರೋಧಿಯಲ್ಲ. ಅದು ನನಗಿಂತ ನಯವಾಗಿ ನಿಲ್ಲಿಸುತ್ತದೆ. ಬೇಡ ಅನ್ನಿಸಿದಾಗ ಕೈಗೆ ತೆಗೆದುಕೊಳ್ಳುವ ಅಧಿಕಾರ ಚಾಲಕನಿಗೆ ಇರಬೇಕು, ಅಷ್ಟೇ.

ಅದೇ ಚಳಿಗಾಲದಲ್ಲಿ, ಫೆಬ್ರವರಿ 16ರ ಸಂಜೆ, ಮತ್ತೆ ಹಿಮ ಬೀಳುತ್ತಿದ್ದಾಗ ಸಿಲ್ವರ್ ಸ್ಪ್ರಿಂಗ್ ಹತ್ತಿರ ಮಾರ್ಕ್ ಗಾಡಿಯೊಂದು ಆಮ್‌ಟ್ರಾಕ್‌ನ ಕ್ಯಾಪಿಟಲ್ ಲಿಮಿಟೆಡ್‌ಗೆ ಡಿಕ್ಕಿ ಹೊಡೆಯಿತು. 11 ಜನ ಸತ್ತರು, ಅದರಲ್ಲಿ ಮೂವರು ಸಿಬ್ಬಂದಿ. ನಡುವೆ ಕೆನ್ಸಿಂಗ್ಟನ್‌ನಲ್ಲಿ ನಿಂತು ಹೊರಟಾಗ, ಹಿಂದೆ ಕಂಡ ಎಚ್ಚರಿಕೆಯ ಸಿಗ್ನಲ್ ಚಾಲಕನ ಮನಸ್ಸಿನಿಂದ ಜಾರಿತ್ತು. ಆ ಗಾಡಿಯಲ್ಲಿ ಎಂಜಿನ್ ಹಿಂದಿನಿಂದ ತಳ್ಳುತ್ತಿತ್ತು, ಚಾಲಕನ ಕೋಣೆ ಮುಂದಿನ ಬೋಗಿಯ ತುದಿಯಲ್ಲಿತ್ತು. ಎಂಜಿನ್ನಿನಲ್ಲಿ ಕೂತರೆ ಎದುರಿಗೆ ಉಕ್ಕಿನ ಮೂತಿ ಇರುತ್ತದೆ. ಬೋಗಿಯ ತುದಿಯಲ್ಲಿ ಕೂತರೆ ಎದುರಿಗೆ ಗಾಜು, ಅದರಾಚೆ ಲೋಕ.

ಗಾಜಿನ ಮಾತು ಬಂತು. ಫೆಡರಲ್ ನಿಯಮದ ಪ್ರಕಾರ ಎಂಜಿನ್ನಿನ ಮುಂದಿನ ಗಾಜು 24 ಪೌಂಡಿನ ಸಿಮೆಂಟ್ ಇಟ್ಟಿಗೆಯನ್ನು ಸೆಕೆಂಡಿಗೆ 44 ಅಡಿ ವೇಗದಲ್ಲಿ ತಡೆಯಬೇಕು, ಅಂದರೆ ಗಂಟೆಗೆ 30 ಮೈಲಿ. ಗಾಳಿಗೆ ಬಾಗಿದ ಓಕ್ ಕೊಂಬೆಗೆ ನೀವು 60 ಮೈಲಿಯಲ್ಲಿ ಹೋದರೆ, ಆ ಲೆಕ್ಕ ಎಲ್ಲಿ ನಿಲ್ಲುತ್ತದೆ? ಹಾಗಾಗಿ ಬಿರುಗಾಳಿಯಲ್ಲಿ ವೇಗ ಇಳಿಸುವುದು ನಿಲ್ಲುವುದಕ್ಕೆ ಮಾತ್ರವಲ್ಲ, ಗಾಜಿನ ಆಯುಸ್ಸಿಗೂ ಹೌದು. ಮರ ಕಂಡರೆ ತುರ್ತು ಬ್ರೇಕ್ ಹಾಕಿ, ಸೀಟಿನ ಹಿಂದೆ ನೆಲಕ್ಕೆ ಬಗ್ಗಿ. ಬ್ರೇಕ್ ಹಿಡಿದುಕೊಂಡೇ ಕೂರುವುದರಲ್ಲಿ ಲಾಭವಿಲ್ಲ, ಅದು ಹಾಕಿಯಾಯಿತು.

ಸಿಡಿಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಉಕ್ಕಿನ ಕೋಣೆಯೊಳಗೆ ಕಿಟಕಿ ಮುಚ್ಚಿ ಕೂತವನಿಗೆ ಅದರ ಭಯ ಕಡಿಮೆ. ಹೊರಗೆ ಇಳಿದಾಗಲೇ ಅಪಾಯ. 2012ರ ಜೂನ್ 29ರ ರಾತ್ರಿಯ ಡೆರೇಚೋ ಗಾಳಿಯಲ್ಲಿ ವಾಷಿಂಗ್ಟನ್ ತುಂಬ ತಂತಿಗಳು ಬಿದ್ದದ್ದು ನೆನಪಿದೆಯಲ್ಲ? ಗಾಡಿಯ ಮೇಲೆ ತಂತಿ ಬಿದ್ದರೆ ಒಳಗೇ ಇರಿ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಗಾಡಿ ಮತ್ತು ನೆಲ ಎರಡನ್ನೂ ಒಟ್ಟಿಗೆ ಮುಟ್ಟದೆ, ಎರಡೂ ಕಾಲು ಜೋಡಿಸಿ ಹಾರಿ, ಸಣ್ಣ ಹೆಜ್ಜೆ ಎಳೆಯುತ್ತ ದೂರ ಹೋಗಿ. ಸುಂಟರಗಾಳಿಯದು ಇನ್ನೊಂದು ಕಥೆ. 2008ರ ಜನವರಿಯಲ್ಲಿ ಇಲಿನಾಯಿಯ ಹಾರ್ವರ್ಡ್ ಹತ್ತಿರ ಒಂದು ಸರಕು ಗಾಡಿಯ ಡಬ್ಬಿಗಳನ್ನು ಸುಂಟರಗಾಳಿ ಎತ್ತಿ ಕೆಡವಿತು. ನಿಂತ ಎಂಜಿನ್ನಿನ ಮೇಲೆ ಹಿಂದಿನ ಡಬ್ಬಿಗಳು ಉರುಳಿಬಂದು ಗುದ್ದಿದ್ದನ್ನು ಎಂಜಿನ್ನಿನ ಕ್ಯಾಮೆರಾ ಹಿಡಿದಿದೆ. ನಿಂತೆವು, ಬದುಕಿದೆವು ಎಂದು ಎದ್ದು ನಿಲ್ಲಬೇಡಿ.

ನಮ್ಮೂರಿನಲ್ಲಿ ಇದೆಲ್ಲ ಇಲ್ಲವೇ ಎಂದು ಕೆಲವರು ಕೇಳಬಹುದು. 2003ರ ಜೂನ್ 22ರಂದು ಕಾರವಾರದಿಂದ ಮುಂಬೈಗೆ ಹೊರಟ ರಜಾ ವಿಶೇಷ ಗಾಡಿ ವೈಭವವಾಡಿಯ ಹತ್ತಿರ ಕುಸಿದ ಬಂಡೆಗಳಿಗೆ ಗುದ್ದಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಮಂಗಳೂರಿನ ಮತ್ಸ್ಯಗಂಧ. ಆಮೇಲೆ ಕೊಂಕಣ ರೈಲ್ವೆ ಕಲಿತದ್ದನ್ನು ನೋಡಿ ನನಗೆ ಹೆಮ್ಮೆ. ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ. ಕಾರವಾರ, ಭಟ್ಕಳ, ಉಡುಪಿಗಳಲ್ಲಿ ತಾನಾಗಿ ಬರೆದುಕೊಳ್ಳುವ ಮಳೆಮಾಪಕ, ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಗಾಳಿಮಾಪಕ. ಮಳೆಯಲ್ಲಿ ದಾರಿ ಕಾಣದಿದ್ದರೆ 40 ಕಿಲೋಮೀಟರ್ ವೇಗ ಸಾಕು ಎಂದು ಚಾಲಕರಿಗೆ ಮೊದಲೇ ಬರೆದುಕೊಟ್ಟಿದ್ದಾರೆ. ಗಾಡಿ ತಡವಾದರೆ ವೇಳಾಪಟ್ಟಿಯೇ ಅದನ್ನು ಹೊತ್ತುಕೊಳ್ಳುತ್ತದೆ, ಡ್ರೈವರ್ ಹೊರಬೇಕಿಲ್ಲ. ನನಗೆ ಆ ರಾತ್ರಿ ಬೇಕಾಗಿದ್ದದ್ದು ಇದೇ.

ರೈಲು, ಮೆಟ್ರೋ, ಬಸ್ಸುಗಳಲ್ಲಿ ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರು ಈಗ ಒಬ್ಬಿಬ್ಬರಲ್ಲ. ನಿಮಗೆ ಒಂದು ಕಾನೂನಿನ ಮಾತು. ರೈಲ್ವೆಯವರಿಗೆ ಫೆಡರಲ್ ಕಾನೂನಿನ 49ನೇ ಶೀರ್ಷಿಕೆಯ 20109ನೇ ಕಲಂ, ಮೆಟ್ರೋ ಬಸ್ಸುಗಳಂಥ ಸಾರಿಗೆಯವರಿಗೆ 6ನೇ ಶೀರ್ಷಿಕೆಯ 1142ನೇ ಕಲಂ. ಅಪಾಯವನ್ನು ಪ್ರಾಮಾಣಿಕವಾಗಿ ವರದಿ ಮಾಡಿದ್ದಕ್ಕೆ, ಜೀವಕ್ಕೆ ಕುತ್ತು ಬರುವ ಪರಿಸ್ಥಿತಿಯಲ್ಲಿ ಬೇರೆ ದಾರಿಯಿಲ್ಲದೆ ಕೆಲಸ ನಿರಾಕರಿಸಿದ್ದಕ್ಕೆ ನಿಮ್ಮನ್ನು ಶಿಕ್ಷಿಸುವಂತಿಲ್ಲ. ಶಿಕ್ಷಿಸಿದರೆ 180 ದಿನಗಳೊಳಗೆ ಓಶಾಗೆ ದೂರು ಕೊಡಬೇಕು. ನೀವು ಪೌರರೋ ಗ್ರೀನ್ ಕಾರ್ಡಿನವರೋ ಎಂದು ಆ ಕಲಂ ಕೇಳುವುದಿಲ್ಲ. ಇದು ನನಗೆ ಗೊತ್ತಾದದ್ದು ಆ ರಾತ್ರಿ ಕಳೆದು ಆರು ವರ್ಷದ ಮೇಲೆ, ಯೂನಿಯನ್ನಿನ ಒಬ್ಬ ಹಿರಿಯನಿಂದ.

ಸಾಫ್ಟ್‌ವೇರಿನವರು ಈ ಸಭೆಯಲ್ಲಿ ನೂರಕ್ಕೆ ತೊಂಬತ್ತು ಇದ್ದೀರಿ, ಕೆಲವರು ರೈಲು ಕಂಪನಿಗಳ ಕಂಟ್ರೋಲ್ ಕೋಣೆಗೇ ಬರೆಯುತ್ತೀರಿ. ನಿಮ್ಮ ಪರದೆಯ ಮೇಲೆ ಗಾಡಿ ನಿಂತ ತಕ್ಷಣ ಡ್ರೈವರ್ ಹೆಸರಿನ ಮುಂದೆ ತಡವಾದ ನಿಮಿಷಗಳು ಕೆಂಪು ಅಕ್ಷರದಲ್ಲಿ ಏರುತ್ತವೆ. ಅದರ ಪಕ್ಕದಲ್ಲಿ ಇನ್ನೊಂದು ಕಲಂ ಇಡಿ: ನೀರು ಕಂಡು ನಿಲ್ಲಿಸಿದ್ದು. ಮುಂದಿನ ಗಾಡಿಯವನ ಪರದೆಗೂ ಅದು ತಾನಾಗಿ ಹೋಗಲಿ. ಎರಡು ದಿನದ ಕೆಲಸ ಇರಬಹುದು, ನಿಮಗೇ ಗೊತ್ತು. ಕಾಫಿ ವಿರಾಮದಲ್ಲಿ ಹಿಂದಿನ ಸಾಲಿನಲ್ಲಿ ಇರುತ್ತೇನೆ, ಆ ತಗ್ಗಿನ ನಕ್ಷೆ ಬರೆದು ತೋರಿಸುತ್ತೇನೆ.