ಗದ್ದಲವೂ ದೇಹಾರೋಗ್ಯವೂ



ಈ ಮಹೋತ್ಸವದ ಅಂಗವಾಗಿ ಪ್ರಕೃತಿವಿಜ್ಞಾನದ ಯಾವುದಾದರೊಂದು ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಮಠದಿಂದ ಅಪ್ಪಣೆಯಾಗಿರುವುದು. ವಿಷಯವನ್ನು ಆರಿಸುವ ಭಾರವನ್ನು ನನಗೇ ಬಿಟ್ಟುದರಿಂದ ನಾನು ಗದ್ದಲವನ್ನು ಆರಿಸಿಕೊಂಡೆನು. ಜಾತ್ರೆಯ ನಡುವೆ ನಿಂತು ಗದ್ದಲವನ್ನು ಕುರಿತು ಮಾತನಾಡುವುದು ಉಚಿತವೋ ಅನುಚಿತವೋ ಎಂಬುದನ್ನು ತಾವೇ ನಿರ್ಣಯಿಸಬೇಕು.

ಗದ್ದಲದ ವಿಷಯವನ್ನೆತ್ತಿದ ಕೂಡಲೇ ನಮ್ಮ ಜನರು ಕೊಡುವ ಉತ್ತರವೊಂದುಂಟು: "ನಮಗೆ ಅದು ಅಭ್ಯಾಸವಾಗಿ ಹೋಗಿದೆ." ಗಿರಣಿಯ ಕೆಲಸಗಾರನೂ ಹೀಗೆನ್ನುವನು, ಹೆದ್ದಾರಿಯ ಮಗ್ಗುಲಲ್ಲಿ ಮನೆ ಕಟ್ಟಿಕೊಂಡವನೂ ಹೀಗೆಯೇ ಎನ್ನುವನು. ಅಭ್ಯಾಸವಾಗುವುದೆಂಬುದು ಸುಳ್ಳಲ್ಲ. ಆದರೆ ಅಭ್ಯಾಸವಾಗುವುದು ಮನಸ್ಸಿಗೆ ಮಾತ್ರ; ಶರೀರಕ್ಕಲ್ಲ. ಇಂದು ನಾನು ಹೇಳಬೇಕೆಂದಿರುವುದು ಇದೊಂದೇ ಸಂಗತಿ.

ಮೊದಲು ಜಡವಸ್ತುಗಳ ಮಾತನ್ನಾಡುವೆನು. ಏಕೆಂದರೆ ಜಡವಸ್ತುವಿಗೆ ಭಯವಿಲ್ಲ, ಬೇಸರವಿಲ್ಲ; ಅದು ಶಬ್ದದಿಂದ ಕೆಟ್ಟಿತೆಂದರೆ ಕೇವಲ ಭಾವನೆಯಿಂದ ಕೆಟ್ಟಿತೆಂದು ಯಾರೂ ಹೇಳಲಾರರು. ಶಬ್ದವೆಂಬುದು ವಾಯುವಿನ ಒತ್ತಡದ ಏರಿಳಿತವಷ್ಟೆ. ಅದು ತಾಕಿದ ವಸ್ತುವೆಲ್ಲವೂ ಅಷ್ಟೋ ಇಷ್ಟೋ ನಡುಗುವುದು. 2016ನೆಯ ಇಸವಿಯ ಸೆಪ್ಟೆಂಬರ್ 10ರಂದು ರುಮಾನಿಯಾ ದೇಶದ ಬುಖಾರೆಸ್ಟ್ ನಗರದಲ್ಲಿ ಐಎನ್‌ಜಿ ಬ್ಯಾಂಕಿನವರು ತಮ್ಮ ಗಣಕಯಂತ್ರಗಳ ಮನೆಯಲ್ಲಿ ಬೆಂಕಿಯಾರಿಸುವ ಏರ್ಪಾಡನ್ನು ಪರೀಕ್ಷಿಸಿದರು. ಯಂತ್ರಗಳು ನೆನೆಯಬಾರದೆಂದು ಅಲ್ಲಿ ನೀರಿಗೆ ಬದಲಾಗಿ ನಿಷ್ಕ್ರಿಯ ಅನಿಲವನ್ನು ಬಿಡುವ ಪದ್ಧತಿಯಿದ್ದಿತು. ಅನಿಲವು ಅತಿಯಾದ ಒತ್ತಡದಿಂದ ನಳಿಗೆಗಳ ಮೂಲಕ ಹೊರಬಿದ್ದಾಗ ಉಂಟಾದ ಶಬ್ದವು 130 ಡೆಸಿಬೆಲ್ ಮೀರಿತು. ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಗೂ ಅದನ್ನು ಓದುವ ಮುಳ್ಳಿಗೂ ನಡುವೆ ಇರುವ ಅಂತರವು ತಲೆಗೂದಲಿನ ದಪ್ಪದ ಹಲವು ಸಾವಿರದಲ್ಲೊಂದು ಪಾಲು. ಆ ಶಬ್ದದ ನಡುಕಕ್ಕೆ ಹತ್ತಾರು ಡಿಸ್ಕುಗಳು ಕೆಟ್ಟು, ಬ್ಯಾಂಕಿನ ವ್ಯವಹಾರವು ಸುಮಾರು ಹತ್ತು ಘಂಟೆಗಳ ಕಾಲ ಸ್ತಬ್ಧವಾಯಿತು. ಬೆಂಕಿಯೇ ಇರಲಿಲ್ಲ, ಬೆಂಕಿಯಿಂದ ಕಾಪಾಡಬೇಕಾಗಿದ್ದ ಏರ್ಪಾಡಿನ ಕೂಗೇ ಯಂತ್ರಗಳನ್ನು ಕೆಡಿಸಿತು. ಅಮೇರಿಕೆಯವರು ತಮ್ಮ ಸ್ಪೇಸ್ ಷಟಲ್ ಎಂಬ ಆಕಾಶನೌಕೆಯನ್ನು ಹಾರಿಸುತ್ತಿದ್ದ ಕಾಲದಲ್ಲಿ, ಉಡಾವಣೆಯ ಆ ಕೆಲವೇ ಕ್ಷಣಗಳಲ್ಲಿ 11 ಲಕ್ಷ ಲೀಟರಿಗೂ ಹೆಚ್ಚಿನ ನೀರನ್ನು ಕಟ್ಟೆಯ ಮೇಲೆ ಸುರಿಸುತ್ತಿದ್ದರು. ನೋಡಿದವರು ಅದು ಬೆಂಕಿಯನ್ನು ತಣಿಸುವುದಕ್ಕೆಂದು ಭಾವಿಸುತ್ತಿದ್ದರು. ಅದರ ಮುಖ್ಯವಾದ ಉದ್ದೇಶವಾದರೋ ನೆಲದಿಂದ ಹಿಮ್ಮರಳುವ ಶಬ್ದವು ನೌಕೆಯನ್ನೂ ಅದರೊಳಗಿನ ಉಪಕರಣಗಳನ್ನೂ ಮುರಿಯದಂತೆ ತಡೆಯುವುದಾಗಿದ್ದಿತು.

ಲೋಹದ ಗತಿಯೇ ಹೀಗಾದ ಮೇಲೆ ಕಿವಿಯ ಗತಿಯೇನು? ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಒಂದು ಅಂಗವುಂಟು. ಅದರಲ್ಲಿ ಸುಮಾರು 15,000 ರೋಮಕೋಶಗಳು ಸಾಲುಗಟ್ಟಿ ನಿಂತಿರುವುವು. ಇವು ಅಲುಗಿದರೆ ನಮಗೆ ಶಬ್ದದ ಅರಿವಾಗುವುದು. ಅತ್ಯಂತ ಸಣ್ಣ ಪಿಸುದನಿಗೂ ಕಿವಿ ನೋಯಿಸುವ ಆರ್ಭಟಕ್ಕೂ ನಡುವಣ ಶಕ್ತಿಯ ಅಂತರವು ಒಂದಕ್ಕೆ ಲಕ್ಷ ಕೋಟಿ. ಇಷ್ಟು ದೊಡ್ಡ ಲೆಕ್ಕವನ್ನು ಸುಲಭಗೊಳಿಸುವುದಕ್ಕಾಗಿಯೇ ಡೆಸಿಬೆಲ್ ಎಂಬ ಅಳತೆಯನ್ನು ಕಲ್ಪಿಸಿರುವರು. ಅದರಲ್ಲಿ 10 ಹೆಚ್ಚಿದರೆ ಶಕ್ತಿಯು ಹತ್ತು ಪಾಲು, 3 ಹೆಚ್ಚಿದರೆ ಇಮ್ಮಡಿ. ಆದುದರಿಂದಲೇ 85 ಡೆಸಿಬೆಲ್ಲಿನಲ್ಲಿ ದಿನಕ್ಕೆ 8 ಘಂಟೆಗಳ ಕಾಲ ಇರಬಹುದೆಂದು ಹೇಳುವ ತಜ್ಞರು 88ರಲ್ಲಿ 4 ಘಂಟೆ, 100ರಲ್ಲಿ ಕೇವಲ 15 ನಿಮಿಷ ಎಂದು ಮಿತಿಯನ್ನು ಕಟ್ಟಿರುವರು. ಮಿತಿ ಮೀರಿದಲ್ಲಿ ರೋಮಕೋಶಗಳು ಬಾಗಿ, ಬಳಲಿ, ಕೊನೆಗೆ ಸಾಯುವುವು. ಕೋಳಿಯ ಕಿವಿಯಲ್ಲಿ ಸತ್ತ ಕೋಶಗಳು ಮರಳಿ ಹುಟ್ಟುವುವು. ಮನುಷ್ಯನಿಗೆ ಆ ಭಾಗ್ಯವಿಲ್ಲ.

ಈ ಸಂಗತಿಯು ಹೊಸದೇನೂ ಅಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ ಇಟಲಿ ದೇಶದ ರಾಮಾಜಿನಿ ಎಂಬ ವೈದ್ಯನು ಕಸಬುದಾರರ ರೋಗಗಳನ್ನು ಕುರಿತು ಬರೆದ ಗ್ರಂಥದಲ್ಲಿ, ಹಗಲೆಲ್ಲ ತಾಮ್ರವನ್ನು ಬಡಿಯುವ ವೆನಿಸ್ ಪಟ್ಟಣದ ಕಂಚುಗಾರರು ಕಿವುಡರಾಗುವರೆಂದು ತಿಳಿಸಿದ್ದನು. 1886ರಲ್ಲಿ ಗ್ಲಾಸ್ಗೋ ನಗರದ ತಾಮಸ್ ಬಾರ್ ಎಂಬ ಕರ್ಣವೈದ್ಯನು ಉಗಿಯ ಹಂಡೆಗಳನ್ನು ಕಟ್ಟುವ 100 ಮಂದಿ ಕೆಲಸಗಾರರನ್ನು ಪರೀಕ್ಷಿಸಿದನು. ಹಂಡೆಯೊಳಗೆ ಒಬ್ಬನು ಕುಳಿತು ಮೊಳೆಯನ್ನು ಹಿಡಿದಿರುವನು, ಹೊರಗಿನಿಂದ ಮತ್ತೊಬ್ಬನು ಸುತ್ತಿಗೆಯಿಂದ ಬಡಿಯುವನು. ಒಳಗಿದ್ದವನ ಪಾಡನ್ನು ತಾವೇ ಊಹಿಸಿಕೊಳ್ಳಬಹುದು. ಆ ನೂರು ಮಂದಿಯಲ್ಲಿ ಒಬ್ಬನಿಗಾದರೂ ಸಹಜವಾದ ಶ್ರವಣಶಕ್ತಿಯು ಉಳಿದಿರಲಿಲ್ಲ. ಅವರಿಗೆ ಗದ್ದಲವು ಅಭ್ಯಾಸವಾಗಿದ್ದಿತು! ಇಂತಹ ಕಿವುಡು ಒಂದೇ ದಿನದಲ್ಲಿ ಬರುವುದಿಲ್ಲ. ಮೊದಲು ಕಳೆದುಹೋಗುವುದು ಮೇಲುಸ್ವರದ ಅರಿವು. ಯಾರೋ ಮಾತನಾಡುತ್ತಿರುವರೆಂದು ತಿಳಿಯುವುದು, ಆದರೆ 'ಸಾಲ' ಎಂದರೋ 'ಕಾಲ' ಎಂದರೋ ತಿಳಿಯುವುದಿಲ್ಲ. ಮನೆಯವರು ಗೊಣಗುವರೆಂದು ಯಜಮಾನನು ಸಿಡುಕುವನು. ದೋಷವು ತನ್ನ ಕಿವಿಯದೆಂದು ಅವನಿಗೆ ಹೊಳೆಯುವುದೇ ಇಲ್ಲ.

ಕಿವಿಯ ಮಾತು ಇಷ್ಟಾಯಿತು. ಕಿವಿಗೆ ಕೆಡುಕಾಗದಷ್ಟು ಸಾಧಾರಣವಾದ ಗದ್ದಲವೂ ಹೃದಯವನ್ನು ಬಾಧಿಸುವುದೆಂಬುದು ಈಚಿನ ಶೋಧನೆ. ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಮುಚ್ಚಳವಿಲ್ಲ. ನಿದ್ರೆಯಲ್ಲಿಯೂ ಅದು ಕಾವಲುಗಾರನಂತೆ ಎಚ್ಚರವಾಗಿಯೇ ಇರುವುದು. ಲಂಡನ್, ಅಥೆನ್ಸ್, ಮಿಲಾನ್, ಸ್ಟಾಕ್‌ಹೋಮ್ ಈ ನಗರಗಳ ವಿಮಾನ ನಿಲ್ದಾಣಗಳ ಬಳಿ ವಾಸಿಸುವ 140 ಮಂದಿಯ ರಕ್ತದೊತ್ತಡವನ್ನು ಅವರು ಮಲಗಿರುವಾಗಲೇ ಯಂತ್ರದಿಂದ ಅಳೆದು, 2008ರಲ್ಲಿ ಫಲವನ್ನು ಪ್ರಕಟಿಸಿದರು. ವಿಮಾನವೊಂದು ಹಾದುಹೋದಾಗ ನಿದ್ರಿಸುತ್ತಿದ್ದವರ ಮೇಲೊತ್ತಡವು ಸರಾಸರಿ ಸುಮಾರು 6 ಮಿಲಿಮೀಟರಿನಷ್ಟು ಏರಿದ್ದಿತು. ಅವರು ಎಚ್ಚರಗೊಳ್ಳಬೇಕಾಗಿಯೂ ಇರಲಿಲ್ಲ. ಮನಸ್ಸು ಮಲಗಿತ್ತು, ಶರೀರವು ಅಪಾಯ ಬಂದಿತೆಂದು ಸೈನ್ಯವನ್ನು ಸಜ್ಜುಗೊಳಿಸುತ್ತಿದ್ದಿತು. ಹೀಗೆ ರಾತ್ರಿಯಲ್ಲಿ ಹಲವು ಸಾರಿ, ವರ್ಷದಲ್ಲಿ ಎಲ್ಲ ರಾತ್ರಿಗಳಲ್ಲಿಯೂ ಆಗುತ್ತಿದ್ದರೆ ಹೃದ್ರೋಗಕ್ಕೆ ದಾರಿಯಾಗುವುದರಲ್ಲಿ ಆಶ್ಚರ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 2018ರಲ್ಲಿ ಯುರೋಪಿನವರಿಗಾಗಿ ಸೂಚನೆಗಳನ್ನು ಹೊರಡಿಸಿ, ರಾತ್ರಿಯ ವೇಳೆ ರಸ್ತೆಯ ಸದ್ದು ಮನೆಯ ಹೊರಗೆ 45 ಡೆಸಿಬೆಲ್ಲನ್ನು ಮೀರಬಾರದೆಂದು ಹೇಳಿರುವರು.

ಮನುಷ್ಯರು ಗದ್ದಲದ ವಿಷಯದಲ್ಲಿ ಚಿಂತಿಸಿ ಚಿಂತಿಸಿಯೇ ಕಾಯಿಲೆ ತಂದುಕೊಳ್ಳುವರೆಂದು ಕೆಲವರು ಆಕ್ಷೇಪಿಸುವರು. ಅವರಿಗೆ ತಿಮಿಂಗಿಲಗಳೇ ಉತ್ತರ ಕೊಟ್ಟಿರುವುವು. 2001ರ ಸೆಪ್ಟೆಂಬರ್ 11ರ ದುರಂತದ ತರುವಾಯ ಕೆನಡಾ ದೇಶದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಸಂಚಾರವು ಕಡಿಮೆಯಾಗಿ, ನೀರೊಳಗಿನ ಸದ್ದು 6 ಡೆಸಿಬೆಲ್ ಇಳಿಯಿತು. ಅದೇ ಕಾಲದಲ್ಲಿ ಅಲ್ಲಿಯ ತಿಮಿಂಗಿಲಗಳ ಮಲದಲ್ಲಿ ಉದ್ವೇಗವನ್ನು ತೋರಿಸುವ ರಸಗಳು ತಗ್ಗಿದುವೆಂದು 2012ರಲ್ಲಿ ವಿದ್ವಾಂಸರು ಪ್ರಕಟಿಸಿರುವರು. ತಿಮಿಂಗಿಲವು ವೃತ್ತಪತ್ರಿಕೆಯನ್ನು ಓದುವುದಿಲ್ಲವಷ್ಟೆ.

ಇನ್ನು ಮಕ್ಕಳ ವಿಷಯ. ಶ್ರೀಮಠದ ಆಶ್ರಯದಲ್ಲಿ ಅನ್ನವನ್ನೂ ಅಕ್ಷರವನ್ನೂ ಪಡೆಯುತ್ತಿರುವ ಬಾಲಕರು ಎದುರಿಗೇ ಕುಳಿತಿರುವುದರಿಂದ ಇದನ್ನು ಸ್ವಲ್ಪ ವಿಸ್ತರಿಸಿ ಹೇಳುವೆನು. ನ್ಯೂಯಾರ್ಕ್ ನಗರದ ಮ್ಯಾನ್‌ಹ್ಯಾಟನ್ನಿನಲ್ಲಿ 98ನೆಯ ಸಂಖ್ಯೆಯ ಸರಕಾರಿ ಪಾಠಶಾಲೆಯೊಂದುಂಟು. ಅದರ ಒಂದು ಮಗ್ಗುಲಿಗೆ ಕಂಬಗಳ ಮೇಲೆ ರೈಲು ಹಾದಿ. ನಾಲ್ಕೂವರೆ ನಿಮಿಷಕ್ಕೊಮ್ಮೆ ಗಾಡಿಯು ಹಾದುಹೋಗುವುದು. ಆ ಅರ್ಧ ನಿಮಿಷ ಕೊಠಡಿಯಲ್ಲಿ 89 ಡೆಸಿಬೆಲ್ ಸದ್ದು. ಉಪಾಧ್ಯಾಯರು ಬಾಯಿ ಮುಚ್ಚಿ ನಿಲ್ಲುವರು, ಬಳಿಕ ಮುಂದುವರಿಸುವರು. ಕಟ್ಟಡದ ಮತ್ತೊಂದು ಮಗ್ಗುಲಿನ ಕೊಠಡಿಗಳು ಶಾಂತವಾಗಿದ್ದುವು. ಶಾಲೆಯೊಂದೇ, ಪಾಠವೊಂದೇ, ಮಕ್ಕಳೂ ಒಂದೇ ಕೇರಿಯವರು. ಆರ್ಲೀನ್ ಬ್ರಾನ್ಸಾಫ್ಟ್ ಎಂಬ ಮನಶ್ಶಾಸ್ತ್ರಜ್ಞೆಯು ಎರಡು ಕಡೆಯ ಮಕ್ಕಳ ಓದುವ ಶಕ್ತಿಯನ್ನು ಹೋಲಿಸಿ 1975ರಲ್ಲಿ ಫಲವನ್ನು ಪ್ರಕಟಿಸಿದಳು. ಆರನೆಯ ತರಗತಿಗೆ ಬರುವಷ್ಟರಲ್ಲಿ ರೈಲಿನ ಕಡೆಯ ಮಕ್ಕಳು ಸುಮಾರು ಒಂದು ವರ್ಷದಷ್ಟು ಹಿಂದೆ ಬಿದ್ದಿದ್ದರು. ಗಮನಿಸಬೇಕಾದ ಅಂಶವೇನೆಂದರೆ, ಮಗುವು ತಾನು ಕಳೆದುಕೊಂಡ ಪಾಠವನ್ನು ಕುರಿತು ದೂರು ಹೇಳಲಾರದು. ಕೇಳಿಸದೆ ಹೋದ ಮಾತು ಯಾವುದೆಂದು ಅದಕ್ಕೆ ಹೇಗೆ ತಿಳಿಯಬೇಕು? ದಡ್ಡನೆಂಬ ಹೆಸರನ್ನು ಹೊತ್ತುಕೊಂಡು ಸುಮ್ಮನಿರುವುದು.

ಈ ಕಥೆಯ ಉತ್ತರಾರ್ಧವು ಸಂತೋಷಕರವಾದುದು. ರೈಲಿನ ಅಧಿಕಾರಿಗಳು ಹಳಿಗಳ ಕೆಳಗೆ ರಬ್ಬರಿನ ಮೆತ್ತೆಗಳನ್ನು ಹಾಕಿಸಿದರು. ಶಾಲೆಯವರು ಕೊಠಡಿಗಳಿಗೆ ಸದ್ದನ್ನು ಹೀರುವ ಮೇಲ್ಛಾವಣಿಯನ್ನು ಹಾಕಿಸಿದರು. 1981ರಲ್ಲಿ ಪ್ರಕಟವಾದ ಮರುಪರೀಕ್ಷೆಯಲ್ಲಿ ಎರಡು ಮಗ್ಗುಲಿನ ಮಕ್ಕಳಲ್ಲಿ ಭೇದವೇ ಇರಲಿಲ್ಲ. ಜರ್ಮನಿಯ ಮ್ಯೂನಿಕ್ ನಗರದಲ್ಲಿಯೂ 1992ರಲ್ಲಿ ವಿಮಾನ ನಿಲ್ದಾಣವನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಿದಾಗ, ಹಳೆಯ ನಿಲ್ದಾಣದ ಬಳಿಯ ಮಕ್ಕಳ ಓದೂ ಜ್ಞಾಪಕಶಕ್ತಿಯೂ ಸುಧಾರಿಸಿದುವು. ಹೊಸ ನಿಲ್ದಾಣದ ಬಳಿಯವರದು ಕುಂದಿತು.

ನಮ್ಮ ದೇಶದಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬೆಲ್ ಎಂದು ಮಿತಿಯನ್ನು ಕಟ್ಟಿರುವುವು. ಆಸ್ಪತ್ರೆ, ವಿದ್ಯಾಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನಷ್ಟು ಸ್ಥಳವನ್ನು ನಿಶ್ಶಬ್ದ ವಲಯವೆಂದು ಪರಿಗಣಿಸಬಹುದು. ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕವು ನಿಷಿದ್ಧ. ಉತ್ಸವಗಳಿಗಾಗಿ ವರ್ಷದಲ್ಲಿ 15 ದಿನಗಳಿಗೆ ಮೀರದಂತೆ, ಮಧ್ಯರಾತ್ರಿಯ ವರೆಗೆ ಸರಕಾರವು ವಿನಾಯಿತಿ ಕೊಡಬಹುದು. ಆದರೆ ವಿನಾಯಿತಿಯ ಕಾಗದವು ಮಲಗಿದ ಮಗುವಿನ ಕಿವಿಗೆ ಓದಲು ಬರುವುದಿಲ್ಲ.

ಪಡುವಣ ಕಂಬದ ಮೇಲಿರುವ ಎರಡು ಧ್ವನಿವರ್ಧಕಗಳ ಬಾಯಿಯು ನೇರವಾಗಿ ವಿದ್ಯಾರ್ಥಿನಿಲಯದ ಕಿಟಕಿಗಳ ಕಡೆಗಿರುವುದನ್ನು ಬರುವಾಗ ನೋಡಿದೆನು. ಬಯಲಿನಲ್ಲಿ ದೂರವು ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುವುದು. ದಿಕ್ಕನ್ನು ತಪ್ಪಿಸಿದರೆ ಮತ್ತಷ್ಟು ಇಳಿಯುವುದು. ದೊಡ್ಡ ಬಾಯಿಯ ಒಂದೆರಡು ಯಂತ್ರಗಳಿಗೆ ಬದಲಾಗಿ ಸಣ್ಣವನ್ನು ಹಲವೆಡೆ ಕೆಳಮಟ್ಟದಲ್ಲಿ, ಸಭೆಯ ಕಡೆಗೇ ಮುಖಮಾಡಿ ಇಟ್ಟರೆ ಪ್ರವಚನವು ಈಗಿನದಕ್ಕಿಂತ ಸ್ಪಷ್ಟವಾಗಿಯೂ ಕೇಳಿಸುವುದು. ಆ ಎರಡನ್ನು ಇಂದಿನ ರಾತ್ರಿಯ ಕಾರ್ಯಕ್ರಮಕ್ಕೆ ಮೊದಲೇ ತಿರುಗಿಸಬೇಕೆಂದು ಉತ್ಸವ ಸಮಿತಿಯ ಮಹನೀಯರಲ್ಲಿ ಬಿನ್ನವಿಸಿಕೊಳ್ಳುತ್ತೇನೆ. ಏಣಿಯು ಭಂಡಾರದ ಹಿಂದೆ ಇದೆಯೆಂದು ತಿಳಿದುಬಂದಿದೆ.