ಹೊಳೆ ದಂಡೆ ಯಾರದು?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಮತ್ತು ಕಾರ್ಯಕರ್ತರ ತರಬೇತಿ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು ಮಾತು ಶುರು ಮಾಡುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ ಹೊಳೆ ದಂಡೆ ಸ್ವಚ್ಛ ಮಾಡುವ ಕಾರ್ಯಕ್ರಮ ಹಾಕಿಕೊಂಡಿದ್ದೆವು. ಕಾಲೇಜಿನ ಮಕ್ಕಳು ಬಂದರು, ಬ್ಯಾನರ್ ಬಂತು, ನೂರು ಸಸಿ ನೆಟ್ಟೆವು, ಫೋಟೋ ತೆಗೆಸಿಕೊಂಡೆವು. ಮೂರು ತಿಂಗಳು ಬಿಟ್ಟು ಹೋಗಿ ನೋಡಿದರೆ ಸಸಿ ಒಂದೂ ಇಲ್ಲ, ಕಸ ಮಾತ್ರ ಮೊದಲಿನಷ್ಟೇ ಇದೆ. ನಮಗೆ ಸಿಟ್ಟು ಬಂತು. ದಂಡೆಯ ಮೇಲೆ ಗುಡಿಸಲು ಹಾಕಿಕೊಂಡಿದ್ದ ಒಬ್ಬ ಅಜ್ಜಿಯನ್ನು, "ಯಾಕಮ್ಮಾ, ನೀವಾದರೂ ನೋಡಿಕೊಳ್ಳಬಾರದಿತ್ತಾ?" ಎಂದು ಕೇಳಿದೆವು. ಅಜ್ಜಿ ಹೇಳಿದರು: "ಸಿಸ್ಟರ್, ಕಸದ ಗಾಡಿ ನಮ್ಮ ಓಣಿಗೆ ಬರಲ್ಲ. ನೀವು ಗಿಡ ನೆಟ್ಟ ಜಾಗದಲ್ಲೇ ನಾವು ಬಟ್ಟೆ ಒಣಗಿಸ್ತಿದ್ದದ್ದು. ನಮ್ಮನ್ನ ಯಾರು ಕೇಳಿದ್ರು?"

ನಾವು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. 'ಜನರ ಸಹಭಾಗಿತ್ವ' ಎಂಬ ಪ್ರಶ್ನೆಗೆ ನಾಲ್ಕು ಪುಟ ಉತ್ತರ ಬರೆದು ಪಾಸಾದವರು. ಆ ದಿನ ಅಜ್ಜಿಯ ಮುಂದೆ ಫೇಲಾದೆವು.

ಈಗ ಯಾವ ಊರಿಗೆ ಹೋದರೂ ಹೊಳೆ ದಂಡೆಯಲ್ಲಿ ಪಾರ್ಕು, ವಾಕಿಂಗ್ ಪಾತ್ ಎಂಬ ಮಾತು ಕೇಳುತ್ತದೆ. ಒಳ್ಳೆಯದೇ. ಆದರೆ ಅದನ್ನು ಯಾರು ಮಾಡಬೇಕು, ಯಾರಿಗಾಗಿ ಮಾಡಬೇಕು? ಇದನ್ನು ತಿಳಿಯಲು ದೂರದ ಒಂದು ನದಿಯ ಕಥೆ ಹೇಳುತ್ತೇವೆ. ಅಮೆರಿಕದ ನ್ಯೂಯಾರ್ಕ್ ಅಂದರೆ ನಮಗೆ ಮುಗಿಲು ಮುಟ್ಟುವ ಕಟ್ಟಡಗಳೇ ನೆನಪಾಗುತ್ತವೆ, ಅಲ್ಲವೇ? ಅದೇ ನಗರದಲ್ಲಿ ಬ್ರಾಂಕ್ಸ್ ಎಂಬ ಭಾಗವಿದೆ. ಅದರ ದಕ್ಷಿಣದ ಬಡಾವಣೆಗಳಲ್ಲಿ ಹೆಚ್ಚಾಗಿ ಕಪ್ಪು ಜನರು, ಸ್ಪ್ಯಾನಿಷ್ ಮಾತಾಡುವ ದುಡಿಯುವ ಜನರು ಇದ್ದಾರೆ. ಅಲ್ಲಿ ಹರಿಯುವ ಬ್ರಾಂಕ್ಸ್ ನದಿಯ ಉದ್ದ ಸುಮಾರು 37 ಕಿಲೋಮೀಟರ್. ಆ ನಗರದೊಳಗೆ ಹರಿಯುವ ಸಿಹಿನೀರಿನ ನದಿ ಅದೊಂದೇ.

ಕಾರ್ಖಾನೆಗಳು, ರೈಲು ಹಳಿಗಳು, ಆಮೇಲೆ ದೊಡ್ಡ ಹೆದ್ದಾರಿಗಳು ಬಂದು ನದಿಗೂ ಜನರಿಗೂ ನಡುವೆ ಗೋಡೆಯ ಹಾಗೆ ನಿಂತವು. ಊರಿನ ಕೊಳಚೆಯೆಲ್ಲ ನೀರಿಗೆ, ಕಸವೆಲ್ಲ ದಂಡೆಗೆ. ಪಕ್ಕದಲ್ಲೇ ನದಿ ಇದೆ ಎಂಬುದೇ ಎಷ್ಟೋ ಮಕ್ಕಳಿಗೆ ತಿಳಿಯದಂತಾಯಿತು.

1974ರಲ್ಲಿ ರೂತ್ ಆಂಡರ್‌ಬರ್ಗ್ ಎಂಬ ಮಹಿಳೆ ಸುಮ್ಮನಿರದೆ ಕೆಲಸ ಶುರು ಮಾಡಿದರು. ಆ ಭಾಗದ ಪೊಲೀಸ್ ಅಧಿಕಾರಿ ಆಂಥನಿ ಬೂಜಾ ಮತ್ತು ಕೆಲವು ವ್ಯಾಪಾರಿಗಳು ಕೈಜೋಡಿಸಿದರು. ನದಿಯಿಂದ ಅವರು ಎಳೆದು ತೆಗೆದದ್ದು ಟೈರುಗಳು, ಹಳೇ ಫ್ರಿಜ್‌ಗಳು, ಕಾರುಗಳು! ಹನಿಗೂಡಿದರೆ ಹಳ್ಳ ಅಂತ ನಮ್ಮಲ್ಲಿ ಗಾದೆ ಇದೆ. ಅಲ್ಲಿ ಜನ ಕೂಡಿದ್ದರಿಂದ ಹಳ್ಳ ಮತ್ತೆ ಕಣ್ಣಿಗೆ ಬಿತ್ತು.

ಮುಂದೆ 1994ರಲ್ಲಿ ಅಲೆಕ್ಸಿ ಟೋರೆಸ್-ಫ್ಲೆಮಿಂಗ್ ಎಂಬ ಮಹಿಳೆ ಅಲ್ಲಿನ ಯುವಜನರಿಗಾಗಿ ಶಾಂತಿ ಮತ್ತು ನ್ಯಾಯದ ಸಂಘಟನೆಯೊಂದನ್ನು ಕಟ್ಟಿದರು. ದಂಡೆಯಲ್ಲಿ 1987ರಲ್ಲಿ ಮುಚ್ಚಿದ್ದ ಒಂದು ಕಾಂಕ್ರೀಟ್ ಕಾರ್ಖಾನೆ ಪಾಳು ಬಿದ್ದಿತ್ತು. 'ಇದು ನಮ್ಮ ಮಕ್ಕಳಿಗೆ ಪಾರ್ಕ್ ಆಗಬೇಕು' ಎಂದು ಈ ಯುವಕ ಯುವತಿಯರು ಪಟ್ಟು ಹಿಡಿದರು. 2009ರಲ್ಲಿ ಆ ಏಳು ಎಕರೆಯಲ್ಲಿ ಪಾರ್ಕ್ ತೆರೆಯಿತು. ಕಾರ್ಖಾನೆಯ ಹಳೇ ಗೋಪುರಗಳನ್ನು ಕೆಡವದೆ, ಬಣ್ಣ ಹಚ್ಚಿ ಉಳಿಸಿಕೊಂಡಿದ್ದಾರೆ. ಈಗ ಅಲ್ಲಿ ಒಂದು ಭಾಗದಲ್ಲಿ ಸೊಪ್ಪು, ಹಣ್ಣು, ಮದ್ದಿನ ಗಿಡಗಳನ್ನು ಬೆಳೆಸಿದ್ದಾರೆ. ಆ ನಗರದ ಪಾರ್ಕುಗಳಲ್ಲಿ ಒಂದು ಎಲೆ ಕೀಳಲೂ ಬಿಡುವುದಿಲ್ಲ. ಇಲ್ಲಿ ಮಾತ್ರ ಜನ ಕಿತ್ತುಕೊಂಡು ಮನೆಗೆ ಒಯ್ಯಬಹುದು.

ಇನ್ನೊಬ್ಬರು ಮಜೋರಾ ಕಾರ್ಟರ್. ಅದೇ ಓಣಿಯಲ್ಲಿ ಬೆಳೆದವರು. ಒಂದು ದಿನ ಅವರ ನಾಯಿ ಅವರನ್ನು ಕಸದ ರಾಶಿಯೊಳಗೆ ಎಳೆದುಕೊಂಡು ಹೋಯಿತು. ರಾಶಿಯ ಆಚೆ ನೋಡಿದರೆ ನದಿ! ಹತ್ತು ಸಾವಿರ ಡಾಲರ್‌ನ ಒಂದು ಚಿಕ್ಕ ಅನುದಾನದಿಂದ ಶುರುವಾದ ಆ ಕೆಲಸ, ಮೂವತ್ತು ಲಕ್ಷ ಡಾಲರ್‌ನ ಪಾರ್ಕ್ ಆಗಿ ಬೆಳೆಯಿತು.

ಹಾಗಾದರೆ ತಜ್ಞರು ಬೇಡವೇ? ಖಂಡಿತ ಬೇಕು. ಸ್ಟಾರ್‌ಲೈಟ್ ಎಂಬ ಪಾರ್ಕಿನಲ್ಲಿ ಕೆಲಸ ನಡೆಯುವಾಗ, ಹಿಂದೆ ಅಲ್ಲಿದ್ದ ಗ್ಯಾಸ್ ತಯಾರಿಕಾ ಘಟಕದ ವಿಷ ಮಣ್ಣಿನಲ್ಲಿ ಸಿಕ್ಕಿತು. ಅದನ್ನು ಶುದ್ಧ ಮಾಡಿ ಪಾರ್ಕನ್ನು ಮತ್ತೆ ತೆರೆಯುವಾಗ 2013 ಆಗಿತ್ತು. ಪರೀಕ್ಷೆ ಇಲ್ಲದೆ ಹುಲ್ಲು ಹಾಸಿಬಿಟ್ಟಿದ್ದರೆ? ಮಕ್ಕಳು ವಿಷದ ಮೇಲೆ ಆಡುತ್ತಿದ್ದರು. ಮಣ್ಣು ಅರಿತವರು, ನೀರು ಅರಿತವರು, ಕಾನೂನು ಅರಿತವರು ಜೊತೆಗಿದ್ದರು. ಆದರೆ ಜನರನ್ನು ಹಿಂದೆ ತಳ್ಳಲಿಲ್ಲ. 2001ರಲ್ಲಿ ಜನರ ಸಂಘಟನೆಗಳು, ತಜ್ಞರು ಮತ್ತು ನಗರದ ಪಾರ್ಕ್ ಇಲಾಖೆ ಸೇರಿ ಒಂದೇ ಒಕ್ಕೂಟವಾದರು. 2007ರಲ್ಲಿ ಆ ನದಿಯಲ್ಲಿ ಒಂದು ಬೀವರ್ ಕಾಣಿಸಿತು. ಹಲ್ಲಿನಿಂದ ಮರ ಕಡಿದು ನೀರಿಗೆ ಕಟ್ಟೆ ಕಟ್ಟುವ ಪ್ರಾಣಿ ಅದು. ನಗರದಲ್ಲಿ ಅದನ್ನು ಕಂಡು ಸುಮಾರು 200 ವರ್ಷವಾಗಿತ್ತಂತೆ!

ಎಲ್ಲವೂ ಸರಿಹೋಯಿತು ಎಂದಲ್ಲ. ಜೋರು ಮಳೆ ಬಂದರೆ ಇವತ್ತಿಗೂ ಚರಂಡಿ ಉಕ್ಕಿ ನದಿ ಸೇರುತ್ತದೆ. ಪಾರ್ಕು ಚಂದವಾದ ಮೇಲೆ ಬಾಡಿಗೆ ಏರಿ, ಕಷ್ಟಪಟ್ಟವರೇ ಊರು ಬಿಡಬೇಕಾದೀತೇ ಎಂಬ ಭಯವೂ ಅಲ್ಲಿಯ ಜನರಿಗಿದೆ.

ಈ ಭಯ ನಮ್ಮ ದೇಶಕ್ಕೆ ಹೊಸದಲ್ಲ. ಅಹಮದಾಬಾದಿನ ಸಾಬರಮತಿ ದಂಡೆ ಇವತ್ತು ನೋಡಲು ಬಹಳ ಅಂದವಾಗಿದೆ. ಆದರೆ ಆ ಯೋಜನೆಗಾಗಿ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ದಂಡೆ ಬಿಟ್ಟು ಏಳಬೇಕಾಯಿತು. ಪುನರ್ವಸತಿಗಾಗಿ ಹೈಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಅನೇಕರಿಗೆ ಮನೆ ಸಿಕ್ಕಿದ್ದು ಊರಾಚೆ, ಕೂಲಿಯ ಜಾಗದಿಂದ ದೂರ. ಮನೆಗೆಲಸದ ಹೆಂಗಸಿಗೆ ಎರಡು ಬಸ್ಸಿನ ಖರ್ಚು ಬಿದ್ದರೆ ಸಂಬಳದಲ್ಲಿ ಉಳಿಯುವುದೇನು, ನೀವೇ ಲೆಕ್ಕ ಹಾಕಿ.

ಹಾಗಾಗಿ ನಮ್ಮೂರಿನಲ್ಲಿ ಇಂಥ ಯೋಜನೆ ಬಂದಾಗ ಬೇಡ ಎನ್ನುವುದೂ ಬೇಡ, ಕಣ್ಣು ಮುಚ್ಚಿ ಚಪ್ಪಾಳೆ ತಟ್ಟುವುದೂ ಬೇಡ. ಸಂಘದ ಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ಒಂದು, ಹೊಳೆಗೆ ಬೀಳುವ ಚರಂಡಿ ನೀರನ್ನು ಮೊದಲು ಎಲ್ಲಿ ತಡೆಯುತ್ತೀರಿ? ಕೊಳಚೆ ಹಾಗೇ ಹರಿಯುತ್ತಿದ್ದರೆ ಪಕ್ಕದಲ್ಲಿ ಕಲ್ಲುಬೆಂಚು ಹಾಕಿ ಏನು ಪ್ರಯೋಜನ? ಎರಡು, ದಂಡೆಯಲ್ಲಿ ಬದುಕುವ ಯಾವ ಯಾವ ಕುಟುಂಬ ಏಳಬೇಕು, ಅವರಿಗೆ ಮನೆ ಎಲ್ಲಿ, ಯಾವಾಗ? ಬರಹದಲ್ಲಿ ಕೊಡಿ ಎನ್ನಿ. ಮೂರು, ಪಾರ್ಕ್ ಆದ ಮೇಲೆ ಅದರ ಉಸ್ತುವಾರಿ ಸಮಿತಿಯಲ್ಲಿ ದಂಡೆಯ ಹೆಂಗಸರು ಎಷ್ಟು ಮಂದಿ? ನಕ್ಷೆ ಅರ್ಥವಾಗದಿದ್ದರೆ ನಾಚಿಕೆ ಬೇಡ. ತಿಳಿದ ಇಂಜಿನಿಯರನ್ನು, ವಕೀಲರನ್ನು ಕರೆಸಿ ಓದಿಸಿಕೊಳ್ಳಿ. ಅವರಿಗೆ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ನೀವು ತೋರಿಸಿಕೊಡಿ. ಅದು ನಕ್ಷೆಯಲ್ಲಿ ಇರುವುದಿಲ್ಲ, ನಿಮ್ಮ ಮನೆ ಗೋಡೆಯ ಮೇಲಿರುತ್ತದೆ.

ಆ ಅಜ್ಜಿಯ ಓಣಿಗೆ ನಾವು ಮತ್ತೆ ಹೋದೆವು. ಈ ಸಲ ಸಸಿ ಒಯ್ಯಲಿಲ್ಲ. ಚಾಪೆ ಹಾಸಿ ಕೂತು ಕೇಳಿದೆವು. ಅವರ ಮೊದಲ ಬೇಡಿಕೆ ಕಸದ ಗಾಡಿ. ಅದಕ್ಕಾಗಿ ಆರು ತಿಂಗಳು ಅರ್ಜಿ ಹಿಡಿದು ಅವರ ಜೊತೆ ಓಡಾಡಿದೆವು. ಗಾಡಿ ಬಂತು. ಆಮೇಲೆ ಅಜ್ಜಿಯೇ ಹೇಳಿದರು: "ಈಗ ಗಿಡ ತನ್ನಿ ಸಿಸ್ಟರ್. ಜಾಗ ನಾವು ತೋರಿಸ್ತೀವಿ."

ನೆಟ್ಟದ್ದು ಹನ್ನೆರಡೇ ಹೊಂಗೆ ಸಸಿ. ಹನ್ನೊಂದು ಉಳಿದಿವೆ.